ಸೀಟು ಒಂದು ಕಡೆ, ದುಡ್ಡು ಇನ್ನೊಂದು ಕಡೆ: ಬ್ರಿಟನ್ನಿನಲ್ಲಿ ಸಮಾಜ ವಿಜ್ಞಾನದ ಪಿಎಚ್‌.ಡಿ. ನಡೆಯುವ ಬಗೆ

ಬ್ರಿಟನ್ನಿನ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದಲ್ಲೋ ಮಾನವಶಾಸ್ತ್ರದಲ್ಲೋ ಪಿಎಚ್‌.ಡಿ. ಪ್ರವೇಶಪತ್ರ ತರಿಸಿಕೊಳ್ಳುವುದು, ಒಳ್ಳೆಯ ಅಂಕವೂ ಗಟ್ಟಿ ಪ್ರಸ್ತಾವನೆಯೂ ಇದ್ದವರಿಗೆ, ಭಾರಿ ಸಾಹಸವೇನಲ್ಲ. ಪತ್ರ ಬಂತೆಂದು ಮನೆಯಲ್ಲಿ ಸಿಹಿ ಹಂಚಿದ ಮೇಲೆ ಶುಲ್ಕದ ಸಾಲು ಕಣ್ಣಿಗೆ ಬೀಳುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಅನೇಕ ಕಡೆ ಅದು ವರ್ಷಕ್ಕೆ ಇಪ್ಪತ್ತು ಸಾವಿರ ಪೌಂಡಿನ ಆಸುಪಾಸು. ಊಟ, ಬಾಡಿಗೆ ಬೇರೆ. ಸೀಟು ಕೊಟ್ಟ ವಿಭಾಗವನ್ನೇ ಫೆಲೋಶಿಪ್ ಕೇಳಿದರೆ, ಅದು ನಮ್ಮ ಕೈಯಲ್ಲಿಲ್ಲ ಎಂಬ ವಿನಯದ ಉತ್ತರ ಬರುತ್ತದೆ. ಅದು ನುಣುಚಿಕೊಳ್ಳುವ ಮಾತಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ, ದುಡ್ಡು ಸರ್ಕಾರದ್ದು, ಆ ದುಡ್ಡನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಹಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಂದು ಕೂಟ. ಯಾವ ಬಾಗಿಲು ಯಾರದು ಎಂದು ತಿಳಿದುಕೊಂಡರೆ ಅರ್ಜಿದಾರರ ಅರ್ಧ ಗೊಂದಲ ತೀರುತ್ತದೆ.

ಆ ಕೂಟಕ್ಕೆ ಅಲ್ಲಿನ ಹೆಸರು ಡಾಕ್ಟೊರಲ್ ಟ್ರೈನಿಂಗ್ ಪಾರ್ಟ್‌ನರ್‌ಶಿಪ್. ಅರ್ಜಿ ನಮೂನೆಗಳಲ್ಲಿ ಡಿಟಿಪಿ ಎಂದು ಚುಟುಕಾಗಿ ಕಾಣುತ್ತದೆ. ಇದರ ಹಿಂದೆ ನಿಂತಿರುವುದು ಎಕನಾಮಿಕ್ ಅಂಡ್ ಸೋಶಿಯಲ್ ರಿಸರ್ಚ್ ಕೌನ್ಸಿಲ್ ಎಂಬ ಸರ್ಕಾರಿ ಸಂಸ್ಥೆ, ಇಎಸ್‌ಆರ್‌ಸಿ. 2018ರ ಏಪ್ರಿಲ್‌ನಿಂದ ಇದು ಯುಕೆ ರಿಸರ್ಚ್ ಅಂಡ್ ಇನ್ನೊವೇಶನ್ ಎಂಬ ದೊಡ್ಡ ಮಂಡಳಿಯ ಒಂದು ಭಾಗ. ಸರ್ಕಾರದ ಹಣ ಆ ದೊಡ್ಡ ಮಂಡಳಿಗೆ, ಅಲ್ಲಿಂದ ಇಎಸ್‌ಆರ್‌ಸಿಗೆ, ಅಲ್ಲಿಂದ ಪ್ರತಿ ಕೂಟದ ಮುಂದಾಳು ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಜೊತೆಗಾರ ವಿಶ್ವವಿದ್ಯಾಲಯಗಳಿಗೆ ಇಳಿಯುತ್ತದೆ. ಇಎಸ್‌ಆರ್‌ಸಿಗೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ. ಎಷ್ಟೋ ಮಂದಿ ಅಲ್ಲಿಗೇ ಬರೆದು, ವಾರಗಟ್ಟಲೆ ಉತ್ತರಕ್ಕೆ ಕಾದು ಕೂರುವುದುಂಟು.

ಈ ಏರ್ಪಾಟು ಹುಟ್ಟಿದ ಕಥೆ ಸ್ವಲ್ಪ ಹಳೆಯದು. ಸಂಸ್ಥೆ ಶುರುವಾಗಿದ್ದು 1965ರಲ್ಲಿ, ಆಗಿನ ಹೆಸರು ಸೋಶಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್. ಮೊದಲ ಅಧ್ಯಕ್ಷ ಮೈಕೆಲ್ ಯಂಗ್. ಥ್ಯಾಚರ್ ಸರ್ಕಾರದ ಕಾಲದಲ್ಲಿ ಶಿಕ್ಷಣ ಸಚಿವ ಕೀತ್ ಜೋಸೆಫ್‌ಗೆ ಸಮಾಜವನ್ನು ಓದುವುದೂ ಒಂದು ವಿಜ್ಞಾನವೇ ಎಂಬ ಗುಮಾನಿ. ಸಂಸ್ಥೆ ಬೇಕೇ ಬೇಡವೇ ನೋಡಿ ಎಂದು ಲಾರ್ಡ್ ರಾಥ್ಸ್‌ಚೈಲ್ಡ್‌ಗೆ ಒಪ್ಪಿಸಿದರು. ಮುಚ್ಚಬೇಡಿ ಎಂದು 1982ರಲ್ಲಿ ವರದಿ ಬಂತು. ಸಂಸ್ಥೆ ಉಳಿಯಿತು, 1983ರಲ್ಲಿ ಹೆಸರಿನಿಂದ 'ಸೈನ್ಸ್' ಮಾತ್ರ ಹೋಯಿತು.

ಅದೇ ದಶಕದಲ್ಲಿ ಇನ್ನೊಂದು ಹುಳುಕು ಹೊರಬಿತ್ತು. ಸರ್ಕಾರದ ಸ್ಟೈಪೆಂಡ್ ಪಡೆದು ಸಮಾಜ ವಿಜ್ಞಾನದ ಪಿಎಚ್‌.ಡಿ.ಗೆ ಸೇರಿದವರಲ್ಲಿ ಬಹುಪಾಲು ಮಂದಿ ನಾಲ್ಕು ವರ್ಷವಾದರೂ ಮಹಾಪ್ರಬಂಧ ಸಲ್ಲಿಸುತ್ತಿರಲಿಲ್ಲ. ಗೈಡ್ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ, ವಿಭಾಗದಲ್ಲಿ ಸಂಶೋಧನಾ ವಿಧಾನ ಕಲಿಸುವವರೇ ಇಲ್ಲ, ವಿದ್ಯಾರ್ಥಿ ಒಬ್ಬಂಟಿಯಾಗಿ ಲೈಬ್ರರಿಯಲ್ಲಿ. ಇಎಸ್‌ಆರ್‌ಸಿ ಬೆತ್ತ ಕೈಗೆತ್ತಿಕೊಂಡಿತು: ಸಲ್ಲಿಕೆಯ ಪ್ರಮಾಣ ತೀರಾ ಕೆಳಗಿರುವ ಸಂಸ್ಥೆಗಳಿಗೆ ಹೊಸ ಸ್ಟೈಪೆಂಡ್ ಇಲ್ಲ. 1987ರ ವಿನ್‌ಫೀಲ್ಡ್ ವರದಿ ಇದೇ ಪ್ರಶ್ನೆಯನ್ನು ಕೆದಕಿದ ವಿಚಾರಣೆ. ಆ ಬೆತ್ತ ಕೆಲಸ ಮಾಡಿತು ಎಂದೇ ಹೇಳಬೇಕು. ಆದರೆ ಅದರ ಜೊತೆಗೆ ಪಿಎಚ್‌.ಡಿ.ಯನ್ನು ನೋಡುವ ದೃಷ್ಟಿಯೂ ಸದ್ದಿಲ್ಲದೆ ಬದಲಾಯಿತು. ಬದುಕಿನ ಮಹಾಕೃತಿ ಬರೆಯಬೇಕೆಂಬ ಹಳೆಯ ಆಸೆ ಹಿಂದೆ ಸರಿದು, ಗೊತ್ತಾದ ಅವಧಿಯಲ್ಲಿ ಒಬ್ಬ ಸಂಶೋಧಕನನ್ನು ತಯಾರು ಮಾಡುವುದು ಗುರಿಯಾಯಿತು. 2001ರಲ್ಲಿ ಬಂದ 'ಒಂದು ಕೂಡಿಸು ಮೂರು' ಪದ್ಧತಿ ಅದೇ ಹಾದಿಯದು: ಮೊದಲು ಒಂದು ವರ್ಷ ಸಂಶೋಧನಾ ವಿಧಾನದ ಮಾಸ್ಟರ್ಸ್, ಆಮೇಲೆ ಮೂರು ವರ್ಷ ಪಿಎಚ್‌.ಡಿ.

ಇಷ್ಟಾದರೂ ಸಣ್ಣ ವಿಭಾಗಗಳ ಕಷ್ಟ ತೀರಲಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ವಿಭಾಗ ಸಮೀಕ್ಷಾ ಅಂಕಿಅಂಶದ ಉನ್ನತ ಕೋರ್ಸನ್ನು ಯಾರಿಗಾಗಿ ನಡೆಸಬೇಕು? 2011ರಲ್ಲಿ ಇಎಸ್‌ಆರ್‌ಸಿ ಬಿಡಿ ವಿಭಾಗಗಳಿಗೆ ಮಾನ್ಯತೆ ಕೊಡುವುದನ್ನು ನಿಲ್ಲಿಸಿ 21 ತರಬೇತಿ ಕೇಂದ್ರಗಳನ್ನು ಮಾಡಿತು. 2017ರಲ್ಲಿ ಅವು 14 ಪಾಲುದಾರಿಕೆ ಕೂಟಗಳಾದವು, ಒಳಗೆ ಬಂದ ಸಂಸ್ಥೆಗಳು ಎಪ್ಪತ್ತಕ್ಕೂ ಹೆಚ್ಚು. 2024ರ ಅಕ್ಟೋಬರ್‌ನಿಂದ ಹೊಸ ನಿಯಮಗಳೊಂದಿಗೆ ಮುಂದಿನ ಸುತ್ತು ಆರಂಭವಾಗಿದೆ.

ಎಲ್ಲ ಕೂಟಗಳೂ ಒಂದೇ ಅಚ್ಚಿನವಲ್ಲ. 2017ರ ಸುತ್ತಿನಲ್ಲಿ ಕೇಂಬ್ರಿಜ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಯಾರ ಜೊತೆಯೂ ಸೇರದೆ ಒಂಟಿಯಾಗಿಯೇ ಕೂಟದ ಮಾನ್ಯತೆ ಪಡೆದಿದ್ದವು. ಇನ್ನೊಂದು ತುದಿಯಲ್ಲಿ ಸ್ಕಾಟ್‌ಲೆಂಡ್: ಇಡೀ ಸೀಮೆಯ ವಿಶ್ವವಿದ್ಯಾಲಯಗಳು ಸೇರಿ ಒಂದೇ ಗ್ರಾಜುಯೇಟ್ ಸ್ಕೂಲ್. ನಡುವೆ ನೆರೆಹೊರೆಯ ಕೂಟಗಳು. ಯಾರ್ಕ್‌ಶೈರ್ ಸುತ್ತಿನ ವೈಟ್ ರೋಸ್ ಕೂಟದಲ್ಲಿ ಲೀಡ್ಸ್, ಶೆಫೀಲ್ಡ್, ಯಾರ್ಕ್‌ಗಳ ಜೊತೆ ಬ್ರಾಡ್‌ಫರ್ಡ್, ಹಲ್‌ನಂಥವೂ ಇವೆ. ಆಕ್ಸ್‌ಫರ್ಡ್ ಜೊತೆಗೆ ಓಪನ್ ಯೂನಿವರ್ಸಿಟಿ ಮತ್ತು ಬ್ರೂನೆಲ್ ಸೇರಿದ್ದು ಗ್ರ್ಯಾಂಡ್ ಯೂನಿಯನ್ ಕೂಟ. ದೂರಶಿಕ್ಷಣದ ವಿಶ್ವವಿದ್ಯಾಲಯವೊಂದು ಆಕ್ಸ್‌ಫರ್ಡ್ ಜೊತೆ ಒಂದೇ ಪಂಕ್ತಿಯಲ್ಲಿ ಕೂತದ್ದು ನನಗೆ ಬಹಳ ಹಿಡಿಸಿದ ಸಂಗತಿ. ದೊಡ್ಡ ಹೆಸರಿನ ನೆರಳಿನಲ್ಲಿ ಸಣ್ಣವಕ್ಕೂ ಒಂದಷ್ಟು ಸ್ಟೈಪೆಂಡ್ ಸಿಗುತ್ತದೆ, ಅಲ್ಲಿನ ಒಳ್ಳೆಯ ಮೇಷ್ಟ್ರು ಮೂಲೆಗುಂಪಾಗುವುದಿಲ್ಲ. ಆದರೂ ಕೂಟದೊಳಗೆ ದೊಡ್ಡವರೇ ಹೆಚ್ಚು ಬಾಚಿಕೊಳ್ಳುತ್ತಾರೆ, ಹೊರಗುಳಿದವರು ಒಣಗುತ್ತಾರೆ ಎಂಬ ದೂರು 2011ರಿಂದಲೂ ಇದೆ. ಅದರಲ್ಲಿ ಹುರುಳಿಲ್ಲ ಎನ್ನಲಾಗದು.

ಒಬ್ಬ ಅರ್ಜಿದಾರೆಯನ್ನು ಕಲ್ಪಿಸಿಕೊಂಡರೆ ಯಂತ್ರದ ಚಕ್ರಗಳು ಹೇಗೆ ತಿರುಗುತ್ತವೆ ಎನ್ನುವುದು ಸಲೀಸಾಗಿ ಕಾಣುತ್ತದೆ. ಬಳ್ಳಾರಿ ಕಡೆಯವಳು ಎಂದಿಟ್ಟುಕೊಳ್ಳಿ, ಸಮಾಜಶಾಸ್ತ್ರದಲ್ಲಿ ಎಂ.ಎ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶುರುವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆಕೆಯ ವಿಷಯ. ಬಸ್ಸಿನ ಟಿಕೆಟ್ ದುಡ್ಡು ಉಳಿದದ್ದರಿಂದ ಹಳ್ಳಿಯ ಹೆಂಗಸರು ಹುಡುಕುವ ಕೆಲಸ, ಆಸ್ಪತ್ರೆ, ತವರಿನ ಓಡಾಟ ಹೇಗೆ ಬದಲಾಯಿತು ಎಂದು ಆಕೆಗೆ ತಿಳಿಯಬೇಕು. ಕಂಡಕ್ಟರ್ ಹರಿದುಕೊಡುವ ಶೂನ್ಯ ಮೊತ್ತದ ಟಿಕೆಟ್ಟು ಪ್ರತಿ ಪ್ರಯಾಣದ ದಾಖಲೆಯೂ ಹೌದು, ಹಾಗಾಗಿ ಲೆಕ್ಕ ಸಿಗುವ ವಿಷಯ.

ಮೊದಲ ಪ್ರಶ್ನೆ, ಇದು ಇಎಸ್‌ಆರ್‌ಸಿ ವ್ಯಾಪ್ತಿಗೆ ಬರುತ್ತದೆಯೇ? ಸಂಶೋಧನೆಯ ಕನಿಷ್ಠ ಅರ್ಧ ಭಾಗ ಸಮಾಜ ವಿಜ್ಞಾನದ್ದಾಗಿರಬೇಕೆಂಬುದು ನಿಯಮ. ಶಕ್ತಿ ಯೋಜನೆಗೆ ತೊಡಕಿಲ್ಲ. ಆದರೆ ಇದೇ ಹುಡುಗಿ ಬಸ್ ನಿಲ್ದಾಣಗಳ ಜನಪದ ಹಾಡುಗಳ ಮೇಲೆ ಬರೆಯಲು ಹೊರಟಿದ್ದರೆ ಅದು ಕಲೆ ಮತ್ತು ಮಾನವಿಕಗಳ ಕೌನ್ಸಿಲ್‌ನ ಪಾಲು, ಅದರ ಹಣದ ದಾರಿಯೇ ಬೇರೆ. ಇತಿಹಾಸ ಬಹುಮಟ್ಟಿಗೆ ಆ ಕಡೆ, ಆರ್ಥಿಕ ಮತ್ತು ಸಾಮಾಜಿಕ ಇತಿಹಾಸ ಈ ಕಡೆ. ಗಡಿಯಲ್ಲಿರುವ ವಿಷಯಗಳವರು ಅರ್ಜಿಗೆ ಮೊದಲೇ ಕೂಟದ ಕಚೇರಿಗೆ ಬರೆದು ಕೇಳಿಕೊಳ್ಳುವುದು ಮೇಲು.

ಎರಡನೆಯದು ಸೂಪರ್‌ವೈಸರ್. ವಿಶ್ವವಿದ್ಯಾಲಯದ ಹೆಸರು ನೋಡಿ ಹೊರಡುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬಸ್ಸು, ರಸ್ತೆ, ಓಡಾಟದ ಅಧ್ಯಯನಕ್ಕೆಂದೇ ಲೀಡ್ಸ್‌ನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಟ್ರಾನ್ಸ್‌ಪೋರ್ಟ್ ಸ್ಟಡೀಸ್ ಇದೆ. ಆಕೆಯ ವಿಷಯಕ್ಕೆ ಅದು ಆಕ್ಸ್‌ಫರ್ಡ್‌ಗಿಂತ ಹತ್ತಿರ. ಕೂಟದ ಲಾಭ ಶುರುವಾಗುವುದೂ ಇಲ್ಲೇ: ಒಬ್ಬ ಸೂಪರ್‌ವೈಸರ್ ಲೀಡ್ಸ್‌ನ ಸಾರಿಗೆ ತಜ್ಞರಾದರೆ, ಎರಡನೆಯವರು ಅದೇ ಕೂಟದ ಶೆಫೀಲ್ಡ್‌ನಲ್ಲೋ ಯಾರ್ಕ್‌ನಲ್ಲೋ ಇರುವ, ಭಾರತದ ಹಳ್ಳಿ ಬಲ್ಲ ಸಮಾಜಶಾಸ್ತ್ರಜ್ಞರಾಗಿರಬಹುದು. ಪದವಿ ಮಾತ್ರ ದಾಖಲಾದ ಒಂದೇ ವಿಶ್ವವಿದ್ಯಾಲಯದ್ದು. ಇವರನ್ನು ಸಂಪರ್ಕಿಸುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ ಹೈಸ್ಕೂಲಿನಿಂದ ಪಡೆದ ಪ್ರಶಸ್ತಿಗಳ ಪಟ್ಟಿ ಕೊಡುವ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಅವರ ಯಾವ ಬರಹ ಓದಿದ್ದೀರಿ, ನಿಮ್ಮ ಪ್ರಶ್ನೆ ಅದಕ್ಕೆ ಎಲ್ಲಿ ತಾಗುತ್ತದೆ ಎಂಬುದು ಹತ್ತು ಸಾಲಿನಲ್ಲಿದ್ದರೆ ಸಾಕು. ಉತ್ತರ ಬಂದ ಮೇಲೆ ಪ್ರಸ್ತಾವನೆ ಎರಡು ಮೂರು ಬಾರಿ ಅತ್ತಿಂದಿತ್ತ ಹೋಗಿ ಬರುತ್ತದೆ. ಅದನ್ನು ಅವಮಾನ ಎಂದುಕೊಳ್ಳಬಾರದು, ಸೂಪರ್‌ವೈಸರ್ ಮನಸ್ಸಿಟ್ಟಿದ್ದಾರೆ ಎಂಬುದಕ್ಕೆ ಅದೇ ಗುರುತು.

ಆಮೇಲೆ ಬರುವುದೇ ಎರಡು ಅರ್ಜಿಗಳ ಗೊಂದಲ. ಒಂದು, ವಿಶ್ವವಿದ್ಯಾಲಯದ ಪ್ರವೇಶ ಅರ್ಜಿ. ಇನ್ನೊಂದು, ಕೂಟದ ಸ್ಟೈಪೆಂಡ್ ಅರ್ಜಿ. ಎರಡರ ಕೊನೆಯ ದಿನಗಳೂ ಬೇರೆ ಇರಬಹುದು. ಸಾಮಾನ್ಯವಾಗಿ ಇವು ಡಿಸೆಂಬರ್, ಜನವರಿಯ ಸುತ್ತ ಬೀಳುತ್ತವೆ. ಪ್ರವೇಶದ ಅರ್ಜಿ ಹಾಕಿ ಎರಡನೆಯದನ್ನು ಮರೆತವರಿಗೆ ಸೀಟು ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಕೂಟದ ಅರ್ಜಿ ಮೊದಲು ವಿಭಾಗದಲ್ಲಿ ಜರಡಿಯಾಗುತ್ತದೆ. ವಿಭಾಗ ತನ್ನ ಕಡೆಯಿಂದ ಕೆಲವೇ ಹೆಸರು ಕಳಿಸಬಹುದು. ಆ ಹೆಸರುಗಳು ಕೂಟದ ಸಮಿತಿಯ ಮುಂದೆ ಹೋಗುತ್ತವೆ, ಅಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯದವರು ಕೂತು ಪ್ರಸ್ತಾವನೆ, ಅರ್ಜಿದಾರರ ತಯಾರಿ, ಸೂಪರ್‌ವೈಸರ್ ಹೊಂದಿಕೆ ಇವನ್ನು ನೋಡಿ ಅಂಕ ಹಾಕುತ್ತಾರೆ. ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞರೂ ಇರುತ್ತಾರೆ, ಶಿಕ್ಷಣತಜ್ಞರೂ ಇರುತ್ತಾರೆ. ಶಕ್ತಿ ಯೋಜನೆ ಎಂದರೇನೆಂದು ಅವರಿಗೆ ತಿಳಿದಿರಬೇಕಿಲ್ಲ. ನಿಮ್ಮ ವಿಷಯದ ಒಳಗಿನವರಿಗಷ್ಟೇ ಅರ್ಥವಾಗುವ ಪ್ರಸ್ತಾವನೆ ಸೋಲುವುದು ಈ ಕೊನೆಯ ಸುತ್ತಿನಲ್ಲೇ. ಫಲಿತಾಂಶ ವಸಂತದ ಹೊತ್ತಿಗೆ, ತರಗತಿ ಶುರು ಅಕ್ಟೋಬರ್‌ನಲ್ಲಿ. ಮೀಸಲು ಪಟ್ಟಿಯೂ ಇರುತ್ತದೆ. ಮೇಲಿನವರು ಬೇರೆ ಕಡೆ ಹೋದರೆ ಕೆಳಗಿನವರಿಗೆ ಕರೆ ಬರುವುದುಂಟು, ಹಾಗಾಗಿ ಆ ಪಟ್ಟಿಯಲ್ಲಿ ಹೆಸರಿದ್ದವರು ಬೇಸಿಗೆ ಪೂರ್ತಿ ಇಮೇಲ್ ನೋಡುತ್ತಿರಬೇಕು.

ಆಯ್ಕೆಯಾದವರಿಗೆ ಏನೇನು ಸಿಗುತ್ತದೆ? ಶುಲ್ಕ, ತಿಂಗಳ ಖರ್ಚಿಗೆ ಸ್ಟೈಪೆಂಡ್, ಕ್ಷೇತ್ರಕಾರ್ಯ ಮತ್ತು ಸಮ್ಮೇಳನಗಳಿಗೆ ಒಂದಷ್ಟು ಪ್ರತ್ಯೇಕ ಹಣ. 2025-26ಕ್ಕೆ ಸ್ಟೈಪೆಂಡಿನ ಕನಿಷ್ಠ ಮೊತ್ತ ವರ್ಷಕ್ಕೆ 20,780 ಪೌಂಡ್, ಲಂಡನ್ನಿನಲ್ಲಿ ಎರಡು ಸಾವಿರ ಹೆಚ್ಚು. ಇದಕ್ಕೆ ಆದಾಯ ತೆರಿಗೆ ಇಲ್ಲ. ರೂಪಾಯಿಗೆ ತಿರುಗಿಸಿದರೆ ತಿಂಗಳಿಗೆ ಎರಡು ಲಕ್ಷದ ಆಸುಪಾಸು ಬಂದು ಊರಿನಲ್ಲಿ ಬೆರಗು ಹುಟ್ಟಿಸಬಹುದು. ಆದರೆ ಖರ್ಚೂ ಪೌಂಡಿನಲ್ಲೇ, ಬಾಡಿಗೆ ಅದರ ದೊಡ್ಡ ತುಂಡನ್ನು ನುಂಗುತ್ತದೆ. ಬೆಲೆ ಏರಿಕೆಯ ಬಿಸಿಗೆ 2022-23ರಲ್ಲಿ ಒಮ್ಮೆ 16,062 ಪೌಂಡ್ ಎಂದು ಘೋಷಿಸಿದ್ದ ಮೊತ್ತವನ್ನು 17,668ಕ್ಕೆ ಏರಿಸಬೇಕಾಯಿತು. ಅದಕ್ಕೂ ಮುಂಚೆ ಸಂಶೋಧಕರು ಹೇಗೆ ದಿನ ದೂಡುತ್ತಿದ್ದರೆಂದು ಅದರಿಂದಲೇ ಊಹಿಸಬಹುದು. ಹೆರಿಗೆ ರಜೆಯಲ್ಲಿ ಮೊದಲ 26 ವಾರ ಪೂರ್ತಿ ಸ್ಟೈಪೆಂಡ್ ಬರುತ್ತದೆ. ಅರ್ಧಕಾಲಿಕವಾಗಿ ಓದಲೂ ಅವಕಾಶವಿದೆ, ಆದರೆ ವಿದೇಶಿಯರ ವಿಷಯಕ್ಕೆ ಬಂದರೆ ವೀಸಾ ನಿಯಮ ಪೂರ್ಣಾವಧಿಯನ್ನೇ ಬೇಡುತ್ತದೆ ಎಂದುಕೊಂಡೇ ಹೊರಡುವುದು ವಾಸಿ.

ಇಲ್ಲಿ ನಮ್ಮವರಿಗೆ ಮುಖ್ಯವಾದ ಮಾತು. 2021ಕ್ಕೆ ಮೊದಲು ಭಾರತದಿಂದ ಹೊಸದಾಗಿ ಹೋಗುವ ವಿದ್ಯಾರ್ಥಿಗೆ ಈ ಪೂರ್ಣ ಸ್ಟೈಪೆಂಡ್ ಮುಚ್ಚಿದ ಬಾಗಿಲು. ಆ ವರ್ಷದಿಂದ ಬಾಗಿಲು ತೆರೆದಿದೆ, ಆದರೆ ಒಂದು ಕೂಟ ಒಂದು ವರ್ಷ ತೆಗೆದುಕೊಳ್ಳುವವರಲ್ಲಿ ವಿದೇಶಿಯರು ಶೇ. 30 ದಾಟುವಂತಿಲ್ಲ. ಆ ಪಾಲಿನಲ್ಲಿ ಚೀನಾ, ಅಮೆರಿಕ, ಯುರೋಪ್, ಆಫ್ರಿಕ, ನಾವು, ಎಲ್ಲರೂ. ಅದಲ್ಲದೆ ಇನ್ನೊಂದು ಒಳಸುಳಿ ಇದೆ. ಸರ್ಕಾರ ಕಟ್ಟಿಕೊಡುವ ಶುಲ್ಕ ಸ್ವದೇಶಿ ವಿದ್ಯಾರ್ಥಿಯ ದರದ್ದು, 2025-26ಕ್ಕೆ ಸುಮಾರು ಐದು ಸಾವಿರ ಪೌಂಡ್. ವಿದೇಶಿ ದರಕ್ಕೂ ಅದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಯಿಂದ ವಸೂಲು ಮಾಡುವಂತಿಲ್ಲ, ವಿಶ್ವವಿದ್ಯಾಲಯವೇ ಬಿಟ್ಟುಕೊಡಬೇಕು. ವಿದ್ಯಾರ್ಥಿಗೆ ಇದು ವರದಾನ. ವಿಶ್ವವಿದ್ಯಾಲಯದ ಲೆಕ್ಕಪತ್ರದವರಿಗೆ ಮಾತ್ರ ಒಬ್ಬ ವಿದೇಶಿ ವಿದ್ಯಾರ್ಥಿಯೆಂದರೆ ವರ್ಷಕ್ಕೆ ಹತ್ತು ಹದಿನೈದು ಸಾವಿರ ಪೌಂಡ್ ಖೋತಾ. ಶೇ. 30 ಎನ್ನುವುದು ಮೇಲಿನ ಮಿತಿಯೇ ಹೊರತು ಕೊಟ್ಟೇ ಕೊಡುತ್ತೇವೆಂಬ ಮಾತಲ್ಲ ಎಂಬುದು ಈ ಲೆಕ್ಕದಲ್ಲಿ ಅಡಗಿದೆ. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಅದೂ ಪೂರ್ತಿ ಅವಧಿಗೆ ಮುಂಗಡ. ಅಲ್ಲಿಗೆ ವಿಮಾನ ಹತ್ತುವ ಮೊದಲೇ ಮೂರು ಲಕ್ಷ ರೂಪಾಯಿಗೂ ಹೆಚ್ಚು ಕೈಬಿಟ್ಟು ಹೋಗುತ್ತದೆ. ಅದನ್ನು ಯಾರು ಕಟ್ಟುತ್ತಾರೆ ಎಂದು ಒಪ್ಪಿಗೆ ಕೊಡುವ ಮೊದಲೇ ಕೇಳಬೇಕು. ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಇನ್ನು ತರಬೇತಿ. ಕೂಟ ನಿಜಕ್ಕೂ ತನ್ನ ಅನ್ನದ ಋಣ ತೀರಿಸುವುದು ಇಲ್ಲಿ ಎಂದು ನನ್ನ ಎಣಿಕೆ. ಸೇರುವಾಗಲೇ ವಿದ್ಯಾರ್ಥಿ ಮತ್ತು ಸೂಪರ್‌ವೈಸರ್ ಕೂತು ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಪಟ್ಟಿ ಮಾಡುತ್ತಾರೆ. ನಮ್ಮ ಬಳ್ಳಾರಿ ಹುಡುಗಿಗೆ ಸಂದರ್ಶನ ಮಾಡುವುದು ಗೊತ್ತು, ಹಳ್ಳಿ ಗೊತ್ತು, ಭಾಷೆ ಗೊತ್ತು. ಲಕ್ಷಗಟ್ಟಲೆ ಶೂನ್ಯ ಟಿಕೆಟುಗಳ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಪಳಗಿಸುವುದು ಗೊತ್ತಿಲ್ಲ. ಅದನ್ನು ಕಲಿಯಲು ಬೇಕಾದ ಸಮಯವನ್ನು ಅವಧಿಗೇ ಸೇರಿಸುತ್ತಾರೆ. ಈಗಿನ ನಿಯಮದಲ್ಲಿ ಮೂರೂವರೆ ವರ್ಷ ಮೂಲ ಅವಧಿ, ಕಲಿಕೆಯ ಅಗತ್ಯ ಹೆಚ್ಚಿದ್ದವರಿಗೆ ನಾಲ್ಕೂವರೆಯವರೆಗೆ. ಕಷ್ಟದ ಭಾಷೆ ಕಲಿಯಬೇಕಾದವರಿಗೂ ಹೀಗೆಯೇ ಹೆಚ್ಚಿನ ಕಾಲ ಕೊಡುವ ಪದ್ಧತಿ ಇದೆ. ಇಂಗ್ಲಿಷ್ ಹುಡುಗನೊಬ್ಬ ಕಲಬುರಗಿಯಲ್ಲಿ ಕ್ಷೇತ್ರಕಾರ್ಯ ಮಾಡಲು ಕನ್ನಡ ಕಲಿಯಬೇಕೆಂದರೆ ಅದೂ ತರಬೇತಿಯೇ ಎಂದು ಲೆಕ್ಕ.

2024ರ ಸುತ್ತಿನಿಂದ ಮೂರು ತಿಂಗಳ 'ರಿಸರ್ಚ್ ಇನ್ ಪ್ರಾಕ್ಟೀಸ್' ಎಲ್ಲರಿಗೂ ಕಡ್ಡಾಯ. ಸರ್ಕಾರಿ ಇಲಾಖೆ, ನಗರಸಭೆ, ಸ್ವಯಂಸೇವಾ ಸಂಸ್ಥೆ, ಕಂಪನಿ ಹೀಗೆ ಎಲ್ಲಾದರೂ ಸಂಶೋಧನೆ ಬಳಕೆಗೆ ಬರುವ ಜಾಗದಲ್ಲಿ ಕೆಲಸ ಮಾಡಬೇಕು. ಪಿಎಚ್‌.ಡಿ. ಮುಗಿಸಿದವರೆಲ್ಲರಿಗೂ ವಿಶ್ವವಿದ್ಯಾಲಯದಲ್ಲಿ ಖಾಯಂ ಕೆಲಸವಿಲ್ಲ ಎಂಬ ಸತ್ಯವನ್ನು ಮೊದಲೇ ಒಪ್ಪಿಕೊಂಡ ಏರ್ಪಾಟಿದು. ಅನುಮಾನ ಪಡುವವರಿಗೂ ಕಾರಣವಿದೆ: ಮೂರು ತಿಂಗಳು ಹೊರಗೆ ದುಡಿದು ಬಂದವರು ಮಹಾಪ್ರಬಂಧದ ಎಳೆ ಮತ್ತೆ ಹಿಡಿಯಲು ಇನ್ನೊಂದು ತಿಂಗಳು ತೆಗೆದುಕೊಳ್ಳುತ್ತಾರೆ. ಎಲ್ಲಿಗೆ, ಯಾವಾಗ ಹೋಗಬೇಕೆಂಬುದನ್ನು ಸೂಪರ್‌ವೈಸರ್ ಜೊತೆ ಬೇಗನೆ ಗೊತ್ತುಮಾಡಿಕೊಂಡವರಿಗೆ ಆ ನಷ್ಟ ಕಡಿಮೆ.

ಕೆಲವು ಸ್ಟೈಪೆಂಡುಗಳಲ್ಲಿ ಹೊರಗಿನ ಸಂಸ್ಥೆ ಶುರುವಿನಿಂದಲೇ ಜೊತೆಗಿರುತ್ತದೆ. ದುಡ್ಡೋ ದತ್ತಾಂಶವೋ ಅದರ ಪಾಲು, ಪ್ರಶ್ನೆ ರೂಪಿಸುವುದರಲ್ಲೂ ಅದಕ್ಕೆ ದನಿ. ಇಂಥ ಸಹಯೋಗದ ಹುದ್ದೆಗಳನ್ನು ವಿಷಯ ಸಮೇತ ಜಾಹೀರಾತು ಮಾಡುತ್ತಾರೆ. ಸ್ವಂತ ಪ್ರಶ್ನೆ ಇನ್ನೂ ಗಟ್ಟಿಯಾಗದವರಿಗೆ ಇದು ಸುಲಭದ ದಾರಿ, ಸ್ವಂತ ಪ್ರಶ್ನೆ ಇರುವವರಿಗೆ ಸ್ವಲ್ಪ ಇಕ್ಕಟ್ಟು.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ಗೆ ಹೋಗಿ 1947ರಲ್ಲಿ ಡಿ.ಫಿಲ್. ಪಡೆದಾಗ ಇದು ಯಾವುದೂ ಇರಲಿಲ್ಲ. ಮುಂಬಯಿಯಲ್ಲಿ ಘುರ್ಯೆ, ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್, ಆಮೇಲೆ ಇವಾನ್ಸ್ ಪ್ರಿಚರ್ಡ್. ಗುರುವೇ ಎಲ್ಲ. ಆ ದಾರಿಯಲ್ಲಿ ಒಬ್ಬ ಶ್ರೀನಿವಾಸ್ ಬಂದರು ಎಂಬುದು ನಿಜ. ಗುರು ಸಿಕ್ಕದೆ ಹೋದವರ ಹೆಸರು ನಮಗೆ ಗೊತ್ತಾಗುವ ಬಗೆಯಿಲ್ಲ, ಕೂಟದ ಪದ್ಧತಿ ಕಣ್ಣಿಟ್ಟಿರುವುದು ಅಂಥವರ ಮೇಲೆ.

ನಮ್ಮಲ್ಲಿ ಹಣ ಹರಿಯುವ ದಿಕ್ಕೇ ಬೇರೆ. ಯುಜಿಸಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಪರೀಕ್ಷೆ ಗೆದ್ದವರ ಹೆಸರಿಗೆ ಬರುತ್ತದೆ, 2023ರಿಂದ ತಿಂಗಳಿಗೆ 37,000 ರೂಪಾಯಿ. ಅದನ್ನು ಹಿಡಿದುಕೊಂಡು ಗೈಡ್ ಹುಡುಕಬೇಕು. ಹಣ ವ್ಯಕ್ತಿಯ ಜೇಬಿನಲ್ಲಿದ್ದರೆ ಸ್ವಾತಂತ್ರ್ಯ ಹೆಚ್ಚು. ಆದರೆ ಕಲಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಕೋರ್ಸ್‌ವರ್ಕ್ ಕಡ್ಡಾಯವಿದ್ದರೂ ಅದನ್ನು ಪ್ರತಿ ವಿಭಾಗವೂ ತನಗೆ ತಾನೇ ನಡೆಸಿಕೊಳ್ಳುತ್ತದೆ. ಕೂಟದ ಬೀಜದಂಥ ಒಂದು ಏರ್ಪಾಟು ಬೆಂಗಳೂರಿನಲ್ಲೇ ಇದೆ: ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ, ಶ್ರೀನಿವಾಸ್ ಕೂಡ ಬಂದು ಸೇರಿದ ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಅಂಡ್ ಎಕನಾಮಿಕ್ ಚೇಂಜ್, ಐಸೆಕ್. ಅಲ್ಲಿ ಸಂಶೋಧನೆ, ಫೆಲೋಶಿಪ್, ಕೋರ್ಸ್‌ವರ್ಕ್ ಸಂಸ್ಥೆಯದು, ಪದವಿ ಬಹುಕಾಲದಿಂದ ಮೈಸೂರು ವಿಶ್ವವಿದ್ಯಾಲಯದ್ದು. ಧಾರವಾಡ, ಹಂಪಿ, ಕಲಬುರಗಿ, ಮಂಗಳೂರಿನ ಸಂಶೋಧಕರು ಅಲ್ಲಿಯ ವಿಧಾನ ತರಗತಿಗಳಲ್ಲಿ ಹಕ್ಕಿನಿಂದ ಕೂರುವಂತೆ ಮಾಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಬೇಕಾಗಿರುವುದು ಕುಲಸಚಿವರುಗಳ ಸಹಿ.

ಬ್ರಿಟನ್ನಿಗೇ ಹೊರಟವರಿಗೆ ಇನ್ನೊಂದು ವಿಷಯ. ಕೂಟದ ಸ್ಟೈಪೆಂಡ್ ಸಿಗದಿದ್ದರೆ ದಾರಿ ಮುಗಿಯುವುದಿಲ್ಲ; ವಿಶ್ವವಿದ್ಯಾಲಯಗಳ ಸ್ವಂತ ವೇತನ, ಭಾರತೀಯರಿಗೆ ಫೆಲಿಕ್ಸ್ ವಿದ್ಯಾರ್ಥಿವೇತನ ಇವೆ. ಬೇರೆ ಹಣದಲ್ಲಿ ಸೇರಿದವರಿಗೂ ಕೂಟದ ಕಮ್ಮಟಗಳಲ್ಲಿ ಬಹಳಷ್ಟು ತೆರೆದಿರುತ್ತವೆ. ಸೇರಿದ ಮೊದಲ ವಾರವೇ ಕೂಟದ ಕಚೇರಿಯ ಮೇಲಿಂಗ್ ಪಟ್ಟಿಗೆ ಹೆಸರು ಬರೆಸಿಕೊಳ್ಳಿ. ಅಂಕಿಅಂಶದ ತರಗತಿಯ ಜಾಗಗಳು ಬೇಗ ತುಂಬುತ್ತವೆ.